ಫೋನ್ ಕವರ್‌ನೊಳಗಿನ ಮಾತ್ರೆ: ಒಂದು ಪ್ಯಾನಿಕ್ ಪ್ರಕರಣದ ಅಧ್ಯಯನ

ಪ್ಯಾನಿಕ್ ಡಿಸಾರ್ಡರ್, ಅಂದರೆ ದಿಢೀರ್ ಗಾಬರಿ ಮತ್ತೆ ಮತ್ತೆ ನುಗ್ಗಿ ಬರುವ ಕಾಯಿಲೆ, ಹೇಗೆ ಶುರುವಾಗುತ್ತದೆ ಎನ್ನುವುದಕ್ಕಿಂತ ಅದು ಯಾಕೆ ಬಿಟ್ಟು ಹೋಗುವುದಿಲ್ಲ ಎನ್ನುವುದು ನನಗೆ ಯಾವಾಗಲೂ ಜಾಸ್ತಿ ಕುತೂಹಲದ ವಿಷಯ. ಶುರುವಾಗಲು ಒಂದು ಕೆಟ್ಟ ದಿನ ಸಾಕು. ಉಳಿಯಬೇಕಾದರೆ ಅದನ್ನು ದಿನಾ ಯಾರಾದರೂ ಸಾಕುತ್ತಿರಬೇಕು. ಈ ಪ್ರಕರಣದಲ್ಲಿ ಸಾಕಿದವರ ಪಟ್ಟಿಯಲ್ಲಿ ಮನೆಯವರು, ಡಾಕ್ಟರುಗಳು, ಮೆಡಿಕಲ್ ಶಾಪಿನವರು, ವಾಟ್ಸಾಪ್ ಗ್ರೂಪಿನವರು ಎಲ್ಲರೂ ಇದ್ದರು. ಎಲ್ಲರದ್ದೂ ಒಳ್ಳೆಯ ಮನಸ್ಸೇ.

ಬರೆಯಲು ಆ ವ್ಯಕ್ತಿಯ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಕೆಲಸ, ಮನೆ ಇರುವ ಕಡೆ, ಊರು, ಕುಟುಂಬದ ಕೆಲವು ವಿವರ ಬದಲಾಯಿಸಿದ್ದೇನೆ. ಇಲ್ಲಿ ಅವರು ರಘು.

ಹಿನ್ನೆಲೆ

ನನ್ನ ಹತ್ತಿರ ಥೆರಪಿಗೆ ಬಂದಾಗ ರಘುಗೆ 38 ವರ್ಷ. ದಾಸರಹಳ್ಳಿ ಕಡೆ ಮನೆ, ಬಸವನಗುಡಿಯ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ. ಹೆಂಡತಿ ಶಾಲೆಯಲ್ಲಿ ಟೀಚರ್. ನಾಲ್ಕನೇ ಕ್ಲಾಸು ಓದುವ ಮಗಳು. ತಾಯಿಯೂ ಜೊತೆಗೇ ಇದ್ದಾರೆ. ಕುಡಿತ, ಸಿಗರೇಟು ಯಾವುದೂ ಇಲ್ಲ. ಕಾಫಿ ಮಾತ್ರ ಲೆಕ್ಕವಿಲ್ಲದಷ್ಟು. ತಿಂಗಳ ಇಪ್ಪತ್ತನೇ ತಾರೀಕು ಹತ್ತಿರ ಬಂದರೆ ಜಿಎಸ್‌ಟಿ ಕೆಲಸ, ಜುಲೈ ಬಂದರೆ ರಿಟರ್ನ್ಸ್. ರಾತ್ರಿ ಹತ್ತಾದರೂ ಮನೆ ಸೇರುತ್ತಿರಲಿಲ್ಲ.

ಅವರ ತಂದೆ 51ನೇ ವಯಸ್ಸಿಗೆ ತೀರಿಕೊಂಡಿದ್ದರು. ಆಗ ರಘು ಪಿಯುಸಿ ಎರಡನೇ ವರ್ಷ. ರಾತ್ರಿ ಊಟ ಆದ ಮೇಲೆ ತಂದೆಗೆ ಎದೆ ಹಿಡಿದ ಹಾಗಾಯಿತು. ಹಲಸಿನಹಣ್ಣು ತಿಂದಿದ್ದರು, ಗ್ಯಾಸ್ ಇರಬೇಕು ಅಂತ ಮನೆಯವರು ಓಮದ ನೀರು ಕೊಟ್ಟರು, ಬೆನ್ನು ತಿಕ್ಕಿದರು. ಬೆಳಗ್ಗೆ ಡಾಕ್ಟರ ಹತ್ತಿರ ಹೋಗೋಣ ಅಂದುಕೊಂಡರು. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೆನ್ನು ತಿಕ್ಕಿದ್ದು ರಘುವೇ.

ಇದನ್ನು ಅವರು ಮೊದಲ ಭೇಟಿಯಲ್ಲಿ ಹೇಳಲಿಲ್ಲ. ‘ಮನೆಯಲ್ಲಿ ಯಾರಿಗಾದರೂ ಹಾರ್ಟ್ ಪ್ರಾಬ್ಲಂ ಇದೆಯಾ’ ಎಂದು ಕೇಳಿದಾಗ ‘ಹೂಂ, ನಮ್ಮಪ್ಪಂಗೆ’ ಅಂದು ಸುಮ್ಮನಾದರು. ಪೂರ್ತಿ ಕತೆ ಬಂದದ್ದು ಆಮೇಲೆ. ಅಷ್ಟರವರೆಗೆ ನನಗೂ ಒಂದು ವಿಷಯ ಬಗೆಹರಿದಿರಲಿಲ್ಲ. ಡಾಕ್ಟರು ‘ಏನಿಲ್ಲ, ಗ್ಯಾಸ್ ಅಷ್ಟೇ’ ಅಂದರೆ ಬೇರೆಯವರಿಗೆ ಸಮಾಧಾನ ಆಗುತ್ತದೆ. ಇವರಿಗೆ ಅದನ್ನು ಕೇಳಿದರೆ ಬೆವರು ಬರುತ್ತಿತ್ತು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೃದಯ ಸ್ತಂಭನದಿಂದ ತೀರಿಕೊಂಡರು. ಅವರಿಗೆ 46 ವರ್ಷ, ದಿನಾ ವ್ಯಾಯಾಮ ಮಾಡುತ್ತಿದ್ದವರು. ಅದಾದ ಮೇಲೆ ಬೆಂಗಳೂರಿನ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ದು ಪೇಪರಿನಲ್ಲೂ ಬಂತು. ‘ಅಪ್ಪುಗೇ ಹೀಗಾದ ಮೇಲೆ ನಮ್ಮದೇನು’ ಎನ್ನುವ ಮಾತು ಆಫೀಸು, ಹೋಟೆಲು, ಆಟೋ ಎಲ್ಲ ಕಡೆ ಇತ್ತು. ಲಕ್ಷಾಂತರ ಜನರಿಗೆ ಆ ಭಯ ಬಂತು, ಕೆಲವು ವಾರದಲ್ಲಿ ಇಳಿಯಿತು. ರಘುಗೆ ಮಾತ್ರ ಇಳಿಯಲಿಲ್ಲ. ಒಂದೇ ಸುದ್ದಿ ಎಲ್ಲರಿಗೂ ತಲುಪಿದರೂ ಕಾಯಿಲೆ ಒಬ್ಬರಿಗೆ ಮಾತ್ರ ಯಾಕೆ ಎಂದು ಕೇಳುವವರಿಗೆ ಉತ್ತರ ಆ ಪಿಯುಸಿ ವರ್ಷದ ರಾತ್ರಿಯಲ್ಲಿದೆ. ಅದೊಂದೇ ಕಾರಣ ಎಂದೂ ಅಲ್ಲ. ಹುಟ್ಟಿನಿಂದಲೇ ಸ್ವಲ್ಪ ಜಾಸ್ತಿ ಗಾಬರಿಯ ಸ್ವಭಾವ, ನಿದ್ದೆಗೆಟ್ಟ ತಿಂಗಳುಗಳು, ಕಾಫಿ, ಹತ್ತಿರದವರ ಸಾವು. ಒಂದರ ಮೇಲೊಂದು ಸೇರಿಕೊಂಡಿದ್ದವು.

ಮೊದಲ ದಿನ, ಆಮೇಲಿನ ಎರಡು ವರ್ಷ

ಅದೇ ನವೆಂಬರಿನ ಒಂದು ಸಂಜೆ. ಮಧ್ಯಾಹ್ನ ಊಟ ಮಾಡಿರಲಿಲ್ಲ. ನ್ಯಾಷನಲ್ ಕಾಲೇಜು ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿದರು. ಹಸಿರು ಮಾರ್ಗ ಅಲ್ಲಿಂದ ಮುಂದೆ ನೆಲದೊಳಕ್ಕೆ ಇಳಿಯುತ್ತದೆ. ಕೆ.ಆರ್. ಮಾರ್ಕೆಟ್, ಚಿಕ್ಕಪೇಟೆ, ಮೆಜೆಸ್ಟಿಕ್ ಮೂರೂ ಸುರಂಗದ ಸ್ಟೇಷನ್ನುಗಳು. ರೈಲು ತುಂಬಿತ್ತು, ಮುಖಕ್ಕೆ ಮಾಸ್ಕ್. ಮಾರ್ಕೆಟ್ ದಾಟಿದ ಮೇಲೆ ರೈಲು ಸ್ವಲ್ಪ ಹೊತ್ತು ನಿಂತಿತು. ಎದೆ ಢವಢವ ಅಂತು. ಉಸಿರು ಸಾಲದು ಅನ್ನಿಸಿತು. ಬೆರಳ ತುದಿ ಜುಮ್ಮೆಂದವು. ‘ಅಪ್ಪನ ಹಾಗೇ’ ಎಂಬ ಒಂದೇ ಯೋಚನೆ.

ಮೆಜೆಸ್ಟಿಕ್‌ನಲ್ಲಿ ಹೇಗೋ ಇಳಿದು ಪ್ಲಾಟ್‌ಫಾರಂ ಮೇಲೆ ಕೂತರು. ಯಾರೋ ನೀರು ಕೊಟ್ಟರು. ಇನ್ಯಾರೋ ‘ಗ್ಯಾಸ್ ಇರ್ಬೇಕು ಸಾರ್, ಸೋಡಾ ಕುಡೀರಿ’ ಅಂದರು. ಸ್ವಲ್ಪ ಹೊತ್ತಿಗೆ ಎದೆ ಬಡಿತ ಇಳಿಯಿತು. ರಾತ್ರಿ ಇಸಿಜಿ ಮಾಡಿಸಿದರು, ನಾರ್ಮಲ್. ಆಮೇಲೆ ಎಕೋ, ಟಿಎಂಟಿ, ಥೈರಾಯ್ಡ್ ಎಲ್ಲ ನಾರ್ಮಲ್.

ಮರುದಿನದಿಂದ ಮೆಟ್ರೋ ಬಿಟ್ಟರು. ಬಸ್ಸಿನಲ್ಲಿ ಹೋದರು. ಒಂದು ದಿನ ಗೊರಗುಂಟೆಪಾಳ್ಯದ ಟ್ರಾಫಿಕ್‌ನಲ್ಲಿ ಬಸ್ಸು ನಿಂತಾಗ ಅದೇ ಶುರುವಾಯಿತು. ಬಸ್ಸೂ ಬಿಟ್ಟರು. ಸ್ಕೂಟರ್ ತೆಗೆದರು. ದಾರಿಯುದ್ದಕ್ಕೂ ಎಲ್ಲೆಲ್ಲಿ ಆಸ್ಪತ್ರೆ ಇದೆ ಎಂಬುದು ಅವರಿಗೆ ಬಾಯಿಪಾಠ. ಆಸ್ಪತ್ರೆ ಇಲ್ಲದ ರಸ್ತೆ ಅಡ್ಡರಸ್ತೆಯೇ ಆದರೂ ಬೇಡ. ಮೂರನೇ ಮಹಡಿಯ ಮನೆಗೆ ಹತ್ತುವಾಗ ಪ್ರತಿ ತಿರುವಿನಲ್ಲಿ ನಿಂತು ನಾಡಿ ಹಿಡಿಯುತ್ತಿದ್ದರು. ಕೋವಿಡ್ ಕಾಲದಲ್ಲಿ ಎಲ್ಲರ ಮನೆಗೂ ಬಂದಿದ್ದ ಆಕ್ಸಿಮೀಟರ್ ಇವರ ಶರ್ಟಿನ ಜೇಬಿಗೆ ಬಂತು. ಆಫೀಸಿನಲ್ಲಿ ಎಡಗೈ ಮೇಜಿನ ಕೆಳಗೆ, ಬೆರಳಿಗೆ ಆಕ್ಸಿಮೀಟರ್, ಬಲಗೈಯಲ್ಲಿ ಮೌಸ್. ಎದುರು ಕೂತವರಿಗೆ ಗೊತ್ತೇ ಆಗುತ್ತಿರಲಿಲ್ಲ. ಹೆಂಡತಿ ಗಂಟೆಗೊಮ್ಮೆ ಫೋನ್ ಮಾಡಿ ‘ಹೇಗಿದೀರಾ’ ಎಂದು ಕೇಳಬೇಕು. ಟೀಚರಿಗೆ ಗಂಟೆಗೊಮ್ಮೆ ಫೋನ್ ಮಾಡುವುದು ಎಷ್ಟು ಕಷ್ಟ ಎಂದು ಬೇರೆ ಹೇಳಬೇಕಿಲ್ಲ. ತಾಯಿ ದೃಷ್ಟಿ ತೆಗೆದರು, ಹರಕೆ ಹೊತ್ತರು. ಬಡಾವಣೆಯ ಡಾಕ್ಟರು ಆಲ್ಪ್ರಜೋಲಮ್ ಎಂಬ ಗಾಬರಿ ಇಳಿಸುವ ಮಾತ್ರೆ ಕೊಟ್ಟು ‘ಬೇಕಾದಾಗ ತಗೊಳ್ಳಿ’ ಅಂದರು.

ಕೊನೆಗೆ ಇನ್ನೊಬ್ಬ ಡಾಕ್ಟರು ಇದು ಮನಸ್ಸಿಗೆ ಸಂಬಂಧಪಟ್ಟಿದ್ದು ಎಂದು ಬಿಡಿಸಿ ಹೇಳಿ, ನಿಮ್ಹಾನ್ಸ್‌ಗಾದರೂ ಹೋಗಿ, ಬೇರೆ ಕಡೆಗಾದರೂ ಹೋಗಿ, ಆದರೆ ಹೋಗಿ ಅಂದರು. ನಿಮ್ಹಾನ್ಸ್ ಎಂದ ತಕ್ಷಣ ತಾಯಿ ಅತ್ತರಂತೆ. ಈ ಊರಿನಲ್ಲೇ ದೇಶದ ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಆ ಹೆಸರಿನಲ್ಲಿ ಅದು ಶುರುವಾಗಿದ್ದೇ 1974ರಲ್ಲಿ. ಆದರೂ ಅದಿರುವ ಡೇರಿ ಸರ್ಕಲ್ ಕಡೆ ಬಸ್ಸು ತಿರುಗಿದರೆ ತಮಾಷೆ ಮಾಡುವುದು ನಮ್ಮವರಿಗೆ ಇನ್ನೂ ನಿಂತಿಲ್ಲ. ಹಾಗಾಗಿ ಅವರು ಯಾರಿಗೂ ಹೇಳದೆ ನನ್ನ ಹತ್ತಿರ ಬಂದರು.

ಏನು ನಡೆಯುತ್ತಿತ್ತು

ವರ್ತನಾ ಚಿಕಿತ್ಸೆಯಲ್ಲಿ ಮೊದಲ ಕೆಲಸ ಬಿಡಿಸಿ ನೋಡುವುದು. ಭಯ ಯಾವಾಗ ಬರುತ್ತದೆ, ಬಂದಾಗ ಏನು ಮಾಡುತ್ತೀರಿ, ಮಾಡಿದ ಮೇಲೆ ಏನಾಗುತ್ತದೆ. ರಘು ಬರೆದು ತಂದರು, ಅದೂ ಎಕ್ಸೆಲ್‌ನಲ್ಲಿ. ಮೂರನೇ ಕಾಲಂನಲ್ಲಿ ಪ್ರತಿ ಸಾಲಿಗೂ ಒಂದೇ ಉತ್ತರ: ‘ಸ್ವಲ್ಪ ಆರಾಮಾಯ್ತು.’

ಕಾಯಿಲೆ ನಿಂತಿದ್ದೇ ಆ ಕಾಲಂ ಮೇಲೆ. 1947ರಲ್ಲಿ ಹೋಬಾರ್ಟ್ ಮೌರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಇದನ್ನು ಎರಡು ಹೆಜ್ಜೆಯಾಗಿ ವಿವರಿಸಿದರು. ಮೊದಲ ಹೆಜ್ಜೆಯಲ್ಲಿ ಭಯ ಅಂಟಿಕೊಳ್ಳುತ್ತದೆ. ಗಂಟೆಯ ಸದ್ದಿಗೆ ಪಾವ್ಲೋವ್‌ನ ನಾಯಿ ಜೊಲ್ಲು ಸುರಿಸಿದ ಹಾಗೆ, ಮೆಟ್ರೋಗೆ, ಜನಸಂದಣಿಗೆ, ಕೊನೆಗೆ ಸ್ವಂತ ಎದೆ ಬಡಿತಕ್ಕೂ ರಘುವಿನ ಮೈ ಅಲಾರಂ ಹೊಡೆಯಲು ಕಲಿಯಿತು. ಎರಡನೇ ಹೆಜ್ಜೆಯಲ್ಲಿ ತಪ್ಪಿಸಿಕೊಳ್ಳುವುದು ರೂಢಿಯಾಗುತ್ತದೆ. ಇಳಿದರೆ ಆರಾಮ, ಹೋಗದಿದ್ದರೆ ಇನ್ನೂ ಆರಾಮ. ಆರಾಮ ಸಿಕ್ಕ ಕೆಲಸವನ್ನು ಮನುಷ್ಯ ಮತ್ತೆ ಮಾಡುತ್ತಾನೆ. ತಪ್ಪಿಸಿಕೊಂಡವನಿಗೆ ‘ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ’ ಎಂದು ಗೊತ್ತಾಗುವ ಅವಕಾಶವೇ ಸಿಗುವುದಿಲ್ಲ.

ಪ್ಯಾನಿಕ್‌ನಲ್ಲಿ ಇದರ ಜೊತೆ ಇನ್ನೊಂದು ಸುತ್ತು ಇರುತ್ತದೆ. 1986ರಲ್ಲಿ ಡೇವಿಡ್ ಕ್ಲಾರ್ಕ್ ಅದನ್ನು ಚೆನ್ನಾಗಿ ಬರೆದರು. ಮೈಯಲ್ಲಿ ಸಣ್ಣ ಬದಲಾವಣೆ, ಅದಕ್ಕೆ ‘ಸಾಯ್ತೀನಿ’ ಎಂಬ ಅರ್ಥ, ಆ ಅರ್ಥದಿಂದ ಗಾಬರಿ, ಗಾಬರಿಯಿಂದ ಎದೆ ಬಡಿತ ಇನ್ನೂ ಜೋರು, ಜೋರಾದ್ದರಿಂದ ಆ ಅರ್ಥ ಇನ್ನೂ ಗಟ್ಟಿ. ಕೆಲವೇ ನಿಮಿಷದಲ್ಲಿ ಮೇಲಕ್ಕೇರಿ ಬಿಡುತ್ತದೆ. ಆಮೇಲೆ ತಾನಾಗಿ ಇಳಿಯುತ್ತದೆ. ಈ ‘ತಾನಾಗಿ ಇಳಿಯುತ್ತದೆ’ ಎನ್ನುವುದೇ ರಘುಗೆ ಗೊತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಇಳಿಸಿದ್ದು ನೀರು, ಇಸಿಜಿ, ಆಲ್ಪ್ರಜೋಲಮ್, ಹೆಂಡತಿಯ ದನಿ.

ನಾರ್ಮಲ್ ಇಸಿಜಿಯೂ ಈ ಪಟ್ಟಿಗೆ ಸೇರುತ್ತದೆ ಎಂದಾಗ ಅವರು ಒಪ್ಪಲಿಲ್ಲ. ‘ಟೆಸ್ಟ್ ಮಾಡಿಸೋದು ತಪ್ಪಾ ಮೇಡಂ?’ ಎಂದು ಕೇಳಿದರು. ಒಂದು ಸಲ ಮಾಡಿಸಿದರೆ ಟೆಸ್ಟು. ವರದಿ ನೋಡಿ ಎರಡು ದಿನ ನೆಮ್ಮದಿಯಾಗಿದ್ದು ಮೂರನೇ ದಿನ ಇನ್ನೊಂದು ಲ್ಯಾಬ್ ಹುಡುಕಿದರೆ ಅದು ಕಾಯಿಲೆಯ ಭಾಗ.

ಶುರು ಮಾಡುವ ಮೊದಲು ಒಂದು ಪ್ರಶ್ನೆ

ಈ ಪ್ರಕರಣದಲ್ಲಿ ನನಗೆ ಕಷ್ಟವಾದ ತೀರ್ಮಾನ ಇದು. ಸಾಮಾನ್ಯ ಪ್ಯಾನಿಕ್ ಪ್ರಕರಣದಲ್ಲಿ ‘ನಿಮ್ಮ ಹೃದಯಕ್ಕೆ ಏನೂ ಆಗಿಲ್ಲ, ಮುಂದೆ ನಡೀರಿ’ ಎನ್ನಬಹುದು. ಇವರ ತಂದೆ 51ಕ್ಕೆ ಹೃದಯಾಘಾತದಲ್ಲಿ ಹೋದವರು. ಅಂಥ ಮನೆತನದವರಿಗೆ ಎದೆನೋವನ್ನು ಲೆಕ್ಕಿಸಬೇಡಿ ಎಂದು ಕಲಿಸುವುದು ಸರಿಯೇ? ಭಯ ಪೂರ್ತಿ ಸುಳ್ಳಾಗಿದ್ದರೆ ಚಿಕಿತ್ಸೆ ಸುಲಭ. ಇಲ್ಲಿ ಭಯದಲ್ಲಿ ಸ್ವಲ್ಪ ನಿಜವೂ ಇತ್ತು.

ಹಾಗಾಗಿ ಹೃದ್ರೋಗ ತಜ್ಞರು, ಮನೋವೈದ್ಯರು, ರಘು, ನಾನು ಸೇರಿ ಒಂದು ಹಾಳೆಯಲ್ಲಿ ಕೆಲವು ಸಾಲು ಬರೆದೆವು. ವರ್ಷಕ್ಕೊಂದು ತಪಾಸಣೆ, ತಾರೀಕು ಹೃದ್ರೋಗ ತಜ್ಞರು ಹೇಳಿದ್ದು. ಮಧ್ಯೆ ಸ್ವಂತ ತೀರ್ಮಾನದ ಇಸಿಜಿ ಇಲ್ಲ. ನಡೆಯುವಾಗ, ಮೆಟ್ಟಿಲು ಹತ್ತುವಾಗ ಶುರುವಾಗಿ ನಿಂತರೆ ಕಡಿಮೆಯಾಗುವ ಎದೆ ಬಿಗಿತ, ತೋಳಿಗೋ ದವಡೆಗೋ ಹರಡುವ ನೋವು, ಬಿಡದೆ ಉಳಿಯುವ ಹೊಸ ರೀತಿಯ ನೋವು ಬಂದರೆ ಯಾರನ್ನೂ ಕೇಳದೆ ಆಸ್ಪತ್ರೆ. ಅವರಿಗೆ ಚೆನ್ನಾಗಿ ಗೊತ್ತಿರುವ, ಟೆಸ್ಟುಗಳಲ್ಲಿ ಮತ್ತೆ ಮತ್ತೆ ನೋಡಿಯಾದ ಢವಢವ, ಜುಮ್ಮು, ತಲೆಸುತ್ತು ಬಂದರೆ ಚಿಕಿತ್ಸೆಯ ದಾರಿ. ಹೃದ್ರೋಗ ತಜ್ಞರು ಮತ್ತೆ ನೋಡಿ, ಓಡಬಹುದು, ಹತ್ತಬಹುದು, ಉಸಿರಿನ ಅಭ್ಯಾಸ ಮಾಡಬಹುದು ಎಂದು ಬರೆದು ಕೊಟ್ಟರು. ಅದು ಕೈಗೆ ಬಂದ ಮೇಲೇ ನಾನು ಶುರು ಮಾಡಿದೆ. ಇದನ್ನು ಓದುತ್ತಾ ‘ನನಗೂ ಹೀಗೇ ಆಗುತ್ತೆ, ಹಾಗಾದ್ರೆ ಪ್ಯಾನಿಕ್ಕೇ’ ಎಂದು ಯಾರೂ ಅಂದುಕೊಳ್ಳಬೇಡಿ. ಮೊದಲ ಸಲದ ಎದೆನೋವಿಗೆ ಜಾಗ ಆಸ್ಪತ್ರೆಯೇ.

ಮನೋವೈದ್ಯರು ಎಸ್ಸಿಟಲೋಪ್ರಮ್ ಎಂಬ, ಆತಂಕಕ್ಕೆ ದಿನಾ ತೆಗೆದುಕೊಳ್ಳುವ ಮಾತ್ರೆ ಶುರು ಮಾಡಿದರು. ಆಲ್ಪ್ರಜೋಲಮ್ ಒಂದೇ ಸಲ ನಿಲ್ಲಿಸದೆ ಹಂತ ಹಂತವಾಗಿ ಇಳಿಸಿದರು. ಹಾಗೆ ನಿಲ್ಲಿಸಬೇಕಾದ ಮಾತ್ರೆ ಅದು. ಸ್ವಂತ ಬುದ್ಧಿಯಿಂದ ದಿಢೀರ್ ಬಿಟ್ಟರೆ ಬೇರೆ ತೊಂದರೆ.

ರೂಮಿನೊಳಗೆ

ರಘು ಮೊದಲೇ ಒಂದು ಕಡೆ ದೀರ್ಘ ಉಸಿರಾಟ, ರಿಲ್ಯಾಕ್ಸೇಷನ್ ಕಲಿತಿದ್ದರು. ಭಯ ಬಂದ ಕೂಡಲೇ ಅದನ್ನು ಶುರು ಮಾಡುತ್ತಿದ್ದರು. ಭಯಕ್ಕೆ ವಿಶ್ರಾಂತಿಯನ್ನು ಎದುರು ನಿಲ್ಲಿಸುವುದು ಹಳೆಯ, ಗೌರವದ ವಿಧಾನ. ಜೋಸೆಫ್ ವೋಲ್ಪೆ 1958ರ ತಮ್ಮ ಪುಸ್ತಕದಲ್ಲಿ ಅದನ್ನು ಕ್ರಮವಾಗಿ ಹೇಳಿದರು. ಅದಕ್ಕೂ ಮುಂಚೆ 1924ರಲ್ಲೇ ಮೇರಿ ಕವರ್ ಜೋನ್ಸ್, ಮೊಲ ಕಂಡರೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನಿಗೆ ಇಷ್ಟದ ತಿಂಡಿ ಕೊಡುತ್ತಾ ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದು ಭಯ ಬಿಡಿಸಿದ್ದರು. ಆದರೆ ರಘುವಿನ ಕೈಯಲ್ಲಿ ದೀರ್ಘ ಉಸಿರು ತಪ್ಪಿಸಿಕೊಳ್ಳುವ ಇನ್ನೊಂದು ಬಾಗಿಲಾಗಿತ್ತು. ಉಸಿರು ಎಳೆದು ಬಿಡುತ್ತಾ ಅವರು ಕೇಳುತ್ತಿದ್ದದ್ದು ‘ಇಳೀತಾ? ಇಳೀತಾ?’ ಎಂದು. ಪ್ರಾಣಾಯಾಮದ ಮೇಲೆ ನನಗೇನೂ ಸಿಟ್ಟಿಲ್ಲ, ಬೆಳಗ್ಗೆ ಚಾಪೆ ಮೇಲೆ ಮಾಡಲಿ. ಮೆಟ್ರೋದಲ್ಲಿ ಭಯ ಓಡಿಸಲು ಬೇಡ ಎಂದೆ.

ನಾವು ಉಲ್ಟಾ ದಾರಿ ಹಿಡಿದೆವು. ಮೈಯ ಲಕ್ಷಣಗಳನ್ನು ಬೇಕೆಂದೇ ಬರಿಸುವುದು. ಕುರ್ಚಿಯಲ್ಲಿ ಕೂತು ಒಂದು ನಿಮಿಷ ಜೋರಾಗಿ, ಬೇಗ ಬೇಗ ಉಸಿರಾಡಿ ಎಂದೆ. ನಾನೂ ಜೊತೆಗೆ ಮಾಡಿದೆ. ಅರ್ಧಕ್ಕೇ ಅವರು ನಿಲ್ಲಿಸಿ ಬೆರಳು ನೋಡಿಕೊಂಡರು. ‘ಇದೇ ಮೇಡಂ. ಇದೇ! ಮೆಟ್ರೋದಲ್ಲಿ ಆಗಿದ್ದು ಇದೇ.’

ಬೇಗ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಮಿದುಳಿನ ರಕ್ತನಾಳ ಸ್ವಲ್ಪ ಕಿರಿದಾಗುತ್ತವೆ, ತಲೆ ಹಗುರವಾಗುತ್ತದೆ, ಬೆರಳು ಜುಮ್ಮೆನ್ನುತ್ತವೆ. ಆಮ್ಲಜನಕಕ್ಕೇನೂ ಕೊರತೆಯಿಲ್ಲ. ಆಕ್ಸಿಮೀಟರಿನಲ್ಲಿ ಯಾವಾಗಲೂ 98, 99 ತೋರಿಸುತ್ತಿದ್ದದ್ದು ಅದಕ್ಕೇ. ಇದನ್ನೆಲ್ಲ ನಾನು ಹಿಂದಿನ ವಾರವೇ ಬಾಯಲ್ಲಿ ಹೇಳಿದ್ದೆ. ತಲೆಯಾಡಿಸಿದ್ದರು, ಅಷ್ಟೇ. ಸ್ವಂತ ಬೆರಳು ಜುಮ್ಮೆಂದ ಮೇಲೆ ಕೇಳಿದ ಪ್ರಶ್ನೆಗಳೇ ಬೇರೆ.

ಆಮೇಲೆ ತಿರುಗುವ ಕುರ್ಚಿ, ಉಸಿರು ಹಿಡಿಯುವುದು, ಮೂರು ಮಹಡಿ ನಿಲ್ಲದೆ ಹತ್ತುವುದು. ಪ್ರತಿ ಸಲ ಮೊದಲು ಬರೆಯಬೇಕು: ಏನಾಗುತ್ತದೆ ಅಂದುಕೊಂಡಿದ್ದೀರಿ, ನೂರಕ್ಕೆ ಎಷ್ಟು ಖಾತ್ರಿ. ಮುಗಿದ ಮೇಲೆ ನಿಜಕ್ಕೂ ಏನಾಯಿತು ಎಂದು ಬರೆಯಬೇಕು. ಭಯ ಇಳಿಯಿತಾ ಎನ್ನುವುದಕ್ಕಿಂತ ಅಂದುಕೊಂಡಿದ್ದು ಆಯಿತಾ ಎನ್ನುವುದು ಮುಖ್ಯ. ಮಿಶೆಲ್ ಕ್ರಾಸ್ಕೆ ಮತ್ತು ಸಂಗಡಿಗರು 2014ರ ಲೇಖನದಲ್ಲಿ ಒತ್ತಿ ಹೇಳಿದ್ದೂ ಇದನ್ನೇ. ಹಳೆಯ ಭಯ ಅಳಿಸಿ ಹೋಗುವುದಿಲ್ಲ, ಅದರ ಪಕ್ಕದಲ್ಲಿ ಹೊಸದೊಂದು ಕಲಿಕೆ ಬೆಳೆಯಬೇಕು. ನಿರೀಕ್ಷೆ ಎಷ್ಟು ಜೋರಾಗಿ ಸುಳ್ಳಾಗುತ್ತದೋ ಕಲಿಕೆ ಅಷ್ಟು ಗಟ್ಟಿ.

ಸುರಂಗ

ಮೆಟ್ರೋದ ಮೊದಲ ಪ್ರಯಾಣಕ್ಕೆ ನಾನೂ ಹೋದೆ. ಆಮೇಲೆ ನಾನು ಬೇರೆ ಬೋಗಿಯಲ್ಲಿ, ಆಮೇಲೆ ಸ್ಟೇಷನ್ನಿನಲ್ಲಿ, ಆಮೇಲೆ ಅವರೊಬ್ಬರೇ. ಜೊತೆಗಾರರೂ ಊರುಗೋಲೇ, ಬೇಗ ತೆಗೆಯಬೇಕು. ಆಕ್ಸಿಮೀಟರ್, ನೀರಿನ ಬಾಟಲಿ, ಬಾಗಿಲ ಪಕ್ಕದ ಜಾಗ ಒಂದೊಂದಾಗಿ ಬಿಟ್ಟರು. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿ ನಡೆಯುತ್ತಿತ್ತು.

ಆದರೆ ಹಾಳೆ ಬೇರೆ ಹೇಳುತ್ತಿತ್ತು. ‘ಮೆಜೆಸ್ಟಿಕ್ ಬರುವ ಮೊದಲು ಕುಸಿದು ಬೀಳುತ್ತೇನೆ: 80’ ಎಂದು ಬರೆದು ಹೋಗುತ್ತಿದ್ದರು. ಬೀಳದೆ ವಾಪಸ್ ಬರುತ್ತಿದ್ದರು. ಮುಂದಿನ ಸಲ ಮತ್ತೆ 80. ಅಷ್ಟು ಸಲ ನಿರೀಕ್ಷೆ ಸುಳ್ಳಾದ ಮೇಲೂ ಅಂಕಿ ಇಳಿಯುತ್ತಿಲ್ಲ ಎಂದರೆ ಒಂದೋ ಅವರು ಸುಮ್ನೆ ಬರೆಯುತ್ತಿದ್ದಾರೆ, ಇಲ್ಲ ಬೀಳದೇ ಇದ್ದದ್ದಕ್ಕೆ ಅವರ ಹತ್ತಿರ ಬೇರೆ ಕಾರಣ ಇದೆ. ಆಡಿಟ್ ಕೆಲಸದವರು, ಅಂಕಿ ಸುಮ್ನೆ ಬರೆಯುವವರಲ್ಲ.

‘ಇಷ್ಟು ಸಲ ಬಿದ್ದಿಲ್ಲವಲ್ಲ, ಯಾಕೆ ಬಿದ್ದಿಲ್ಲ ಅಂತೀರಿ?’ ಎಂದು ಕೇಳಿದೆ.

ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಫೋನ್ ತೆಗೆದು ಹಿಂದಿನ ಕವರ್ ಬಿಚ್ಚಿದರು. ಒಳಗೆ ಮಡಚಿದ ಕಾಗದ. ಅದರಲ್ಲಿ ಪಟ್ಟಿಯಿಂದ ಕತ್ತರಿಸಿದ ಎರಡು ಸಾರ್ಬಿಟ್ರೇಟ್ ಮಾತ್ರೆ. ಎದೆನೋವು ಬಂದರೆ ನಾಲಿಗೆ ಕೆಳಗಿಡಿ ಎಂದು ವಾಟ್ಸಾಪ್‌ನಲ್ಲಿ ಬಂದಿತ್ತಂತೆ. ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ. ಎರಡು ವರ್ಷದಿಂದ ಅಲ್ಲೇ ಇತ್ತು, ಒಂದು ಸಲವೂ ತಗೊಂಡಿರಲಿಲ್ಲ. ಕಾಗದದ ಮಡಿಕೆಗಳು ಸವೆದು ಬಟ್ಟೆಯಂತಾಗಿದ್ದವು.

‘ನೀವು ಪಟ್ಟಿ ಮಾಡಿ ಅಂದಾಗ ಇದು ನೆನಪಿಗೇ ಬರಲಿಲ್ಲ ಮೇಡಂ. ಪರ್ಸಿನಲ್ಲಿ ದೇವರ ಫೋಟೋ ಇರುತ್ತಲ್ವಾ, ಹಾಗೆ.’

ಅಷ್ಟು ದಿನ ಅವರು ಕಲಿತದ್ದು ‘ಮೆಟ್ರೋ ಅಪಾಯವಲ್ಲ’ ಎಂದಲ್ಲ. ‘ಮಾತ್ರೆ ಇದ್ದರೆ ಮೆಟ್ರೋ ಅಪಾಯವಲ್ಲ’ ಎಂದು. ನುಂಗದ ಮಾತ್ರೆಯೂ ಕೆಲಸ ಮಾಡುತ್ತದೆ, ಕಾಯಿಲೆಯ ಪರವಾಗಿ. ಪ್ರಯೋಗಾಲಯದ ಅಧ್ಯಯನಗಳಲ್ಲೂ ಇದು ಕಂಡಿದೆ. ಅಪಾಯದ ಸೂಚನೆಯ ಜೊತೆಗೆ ರಕ್ಷಣೆಯ ಸೂಚನೆಯನ್ನೂ ಇಟ್ಟುಬಿಟ್ಟರೆ, ಏನೂ ಆಗದಿದ್ದರೂ ಭಯ ಹಾಗೇ ಉಳಿಯುತ್ತದೆ. ಪುಣ್ಯ ರಕ್ಷಣೆಯ ಲೆಕ್ಕಕ್ಕೆ ಹೋಗುತ್ತದೆ.

ಹೃದ್ರೋಗ ತಜ್ಞರನ್ನು ಕೇಳಿದೆವು. ರಘುಗೆ ಅದು ಬೇಕಾಗಿಲ್ಲ, ರಕ್ತದೊತ್ತಡ ಇಳಿಸುವ ಮಾತ್ರೆ, ಸುಮ್ಮಸುಮ್ಮನೆ ತಗೊಳ್ಳಬಾರದು ಎಂದರು. ಈಗಲೇ ಎಸೆಯಿರಿ ಎಂದು ನಾನು ಹೇಳಬಹುದಿತ್ತು, ಹೇಳಲಿಲ್ಲ. ನನ್ನ ಮಾತಿಗೆ ಎಸೆದರೆ ನಾನೇ ಹೊಸ ಮಾತ್ರೆಯಾಗುತ್ತಿದ್ದೆ. ಒಂದು ವಾರ ಯೋಚನೆ ಮಾಡಿ, ಯಾವಾಗ ಬಿಡುತ್ತೀರಿ ಎಂದು ನೀವೇ ಹೇಳಿ ಎಂದೆ.

ವಾರವಾಗುವ ಮೊದಲೇ ಅವರಿಂದ ಮೆಸೇಜ್ ಬಂತು. ಮಾತ್ರೆ ಮನೆಯಲ್ಲಿ ಬಿಟ್ಟು ಆಫೀಸಿಗೆ ಬಂದಿದ್ದೇನೆ, ಸಂಜೆ ಮೆಟ್ರೋದಲ್ಲೇ ವಾಪಸ್ ಎಂದು. ಆ ಸಂಜೆ ಗಾಂಧಿ ಬಜಾರಿನಲ್ಲಿ ಕಾಫಿ ಕುಡಿದರು, ಬೈಟು ಅಲ್ಲ, ಫುಲ್ಲು. ಹಾಳೆಯಲ್ಲಿ 95 ಬರೆದರು. ಬೋಗಿಯ ಮಧ್ಯೆ ನಿಂತರು. ‘ಮುಂದಿನ ನಿಲ್ದಾಣ ಚಿಕ್ಕಪೇಟೆ’ ಎನ್ನುವಷ್ಟರಲ್ಲಿ ಪೂರಾ ಪ್ಯಾನಿಕ್ ಬಂತು. ಇಳಿಯಲಿಲ್ಲ. ಮೆಜೆಸ್ಟಿಕ್‌ನಲ್ಲಿ ಜನ ತಳ್ಳಿದರು, ಆಗಲೂ ಇಳಿಯಲಿಲ್ಲ. ಸಂಪಿಗೆ ರಸ್ತೆ ಹತ್ತಿರ ರೈಲು ಬೆಳಕಿಗೆ ಬರುವ ಹೊತ್ತಿಗೆ ಭಯ ಅರ್ಧ ಇಳಿದಿತ್ತಂತೆ. ಪೀಣ್ಯದ ಹತ್ತಿರ ಹಸಿವಾಯಿತಂತೆ.

ಮುಂದಿನ ಸಲದ ಅಂಕಿ 40.

ಹೆದರದೆ ಮಾಡಿದ ಪ್ರಯಾಣಗಳಿಗಿಂತ ಭಯ ಪೂರ್ತಿ ಬಂದು ಏನೂ ಆಗದೇ ಹೋದ ಈ ಒಂದು ಪ್ರಯಾಣ ಜಾಸ್ತಿ ಕಲಿಸಿತು. ಚಿಕಿತ್ಸೆ ಪಡೆಯುವವರ ಮನೆಯವರು ಇದನ್ನು ನೋಡಿ ‘ಮತ್ತೆ ಅಟ್ಯಾಕ್ ಬಂತಲ್ಲ, ಥೆರಪಿಯಿಂದ ಏನು ಉಪಯೋಗ’ ಎಂದು ಕೇಳುತ್ತಾರೆ. ರಘುವಿನ ತಾಯಿಯೂ ಕೇಳಿದರು.

ಮನೆ

ಮನೆಯವರನ್ನು ಕರೆಸಿ ಕೂತು ಮಾತಾಡಿದ್ದು ಆಗಲೇ. ಹೆಂಡತಿ ಗಂಟೆಗೊಮ್ಮೆ ಮಾಡುವ ಫೋನ್ ನಿಲ್ಲಿಸಬೇಕಿತ್ತು. ಅವರು ಕೇಳಿದ್ದು ನ್ಯಾಯವಾಗಿತ್ತು. ‘ನಾನು ಕೇಳೋದು ಬಿಟ್ರೆ ಇವಳಿಗೆ ಚಿಂತೇನೇ ಇಲ್ಲ ಅಂದ್ಕೊಳ್ಳಲ್ವಾ ಇವರು?’ ರಘು ಅವರ ಕಡೆ ತಿರುಗಿ ‘ಅಂದ್ಕೊಳ್ತೀನಿ ಕಣೆ, ಆದ್ರೂ ಬಿಡು’ ಅಂದರು. ಫೋನ್ ಇರಲಿ, ಮಾತು ಬದಲಾಗಲಿ ಎಂದು ಒಪ್ಪಂದವಾಯಿತು. ಮಧ್ಯಾಹ್ನ ಒಂದು ಸಲ, ಆರೋಗ್ಯದ ಪ್ರಶ್ನೆ ಬೇಡ. ಮೊದಲ ವಾರ ಇಬ್ಬರಿಗೂ ಏನು ಮಾತಾಡಬೇಕೆಂದೇ ತೋಚಲಿಲ್ಲವಂತೆ. ತರಕಾರಿ ಬೆಲೆ ಮಾತಾಡಿದರಂತೆ.

ಆವತ್ತೇ ಹೆಂಡತಿ ಇನ್ನೊಂದು ವಿಷಯ ಹೇಳಿದರು. ಮಗಳು ಆಟ ಆಡಿ ಬಂದವಳು ಆಕ್ಸಿಮೀಟರ್ ಹುಡುಕಿ ಬೆರಳಿಗೆ ಹಾಕಿಕೊಳ್ಳುತ್ತಾಳೆ, 130 ಇದೆ ಅಂತ ಹೆದರಿ ಮಲಗುತ್ತಾಳೆ. ಆಡಿ ಬಂದ ಮಗುವಿನ ನಾಡಿ 130 ಇದ್ದರೆ ಅದರಲ್ಲಿ ವಿಶೇಷವೇನೂ ಇಲ್ಲ. ಅವಳಿಗೆ ಯಾವ ಮೆಟ್ರೋ ಅನುಭವವೂ ಆಗಿರಲಿಲ್ಲ. ನೋಡಿ ಕಲಿತಿದ್ದಳು. ಸೂಸನ್ ಮಿನೆಕಾ 1980ರ ದಶಕದಲ್ಲಿ ಪ್ರಯೋಗಾಲಯದಲ್ಲೇ ಬೆಳೆದ ರೀಸಸ್ ಕೋತಿಗಳ ಮೇಲೆ ತೋರಿಸಿದ್ದು ಇದನ್ನೇ. ಅವಕ್ಕೆ ಹಾವಿನ ಭಯ ಇರಲಿಲ್ಲ. ಇನ್ನೊಂದು ಕೋತಿ ಹಾವಿಗೆ ಹೆದರುವುದನ್ನು ನೋಡಿದ ಮೇಲೆ ಬಂತು. ರಘು ಅಷ್ಟು ದಿನದಲ್ಲಿ ಕಣ್ಣೀರು ಹಾಕಿದ್ದು ಅದೊಂದೇ ಸಲ. ಆಕ್ಸಿಮೀಟರ್ ಅದೇ ವಾರ ಪಕ್ಕದ ಮನೆಯ ವಯಸ್ಸಾದವರಿಗೆ ಹೋಯಿತು. ಭಾನುವಾರ ಅಪ್ಪ ಮಗಳು ಮೆಟ್ಟಿಲು ಹತ್ತುವ ಪಂದ್ಯ ಶುರು ಮಾಡಿದರು. ಅದು ನಾನು ಕೊಟ್ಟ ಹೋಂವರ್ಕ್ ಅಲ್ಲ.

ಕುಣಿಗಲ್ ರಸ್ತೆ

ತಂದೆಯ ತಿಥಿಗೆ ಕುಣಿಗಲ್ ಕಡೆಯ ಊರಿಗೆ ಹೊರಟರು, ಬಸ್ಸಿನಲ್ಲಿ. ನೆಲಮಂಗಲ ದಾಟಿದ ಮೇಲೆ ಜೋರು ಪ್ಯಾನಿಕ್. ಇಳಿದು ಕಾರು ಮಾಡಿಕೊಂಡು ಬೆಂಗಳೂರಿಗೆ ವಾಪಸ್ ಬಂದರು. ತಿಥಿ ತಮ್ಮ ಮಾಡಿದ. ‘ಎಲ್ಲ ಮೊದಲಿನ ಹಾಗೇ ಆಯ್ತು ಮೇಡಂ’ ಎಂದು ಕೂತರು.

ಮೊದಲಿನ ಹಾಗೆ ಆಗಿರಲಿಲ್ಲ. ಭಯ ಆರುವುದು ಆರಿದ ಜಾಗಕ್ಕೇ ಅಂಟಿಕೊಂಡಿರುತ್ತದೆ. ಜಾಗ ಬದಲಾದರೆ ಹಳೆಯದು ಮತ್ತೆ ತಲೆಯೆತ್ತುತ್ತದೆ. ಮಾರ್ಕ್ ಬೌಟನ್ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದನ್ನು ವರ್ಷಗಟ್ಟಲೆ ತೋರಿಸಿದ್ದಾರೆ. ರಘು ಕಲಿತದ್ದೆಲ್ಲ ನಗರದೊಳಗೆ, ಆಸ್ಪತ್ರೆಗಳ ನಡುವೆ. ಆಸ್ಪತ್ರೆಯಿಲ್ಲದ ಹೈವೇ, ಅಪ್ಪ ಸತ್ತ ಮನೆ, ಅದೇ ತಾರೀಕು. ಮೂರೂ ಹೊಸ ಪಾಠ.

ಹಿಂದಕ್ಕೆ ಹೋಗಿ ಸುಲಭದ್ದರಿಂದ ಶುರು ಮಾಡೋಣ ಎಂದು ಅವರು ಕೇಳಿದರು. ನಾನು ಮುಂದಿನ ಶನಿವಾರವೇ ಅದೇ ರಸ್ತೆ ಎಂದೆ. ಇಳಿದು ಬಂದ ಆರಾಮ ಗಟ್ಟಿಯಾಗುವ ಮೊದಲು ಮತ್ತೆ ಹೋಗುವುದು ಒಳ್ಳೆಯದು. ಹೋದರು. ಊರಿನ ಮನೆಯಲ್ಲಿ, ತಂದೆ ಮಲಗುತ್ತಿದ್ದ ಕೋಣೆಯಲ್ಲಿ ರಾತ್ರಿ ಮಲಗಿದರು. ನಿದ್ದೆ ಬರಲಿಲ್ಲ, ಆದರೆ ಎದ್ದು ಹೊರಡಲಿಲ್ಲ. ತಾಯಿಯ ಜೊತೆ ಆ ರಾತ್ರಿಯ ಬಗ್ಗೆ ಮೊದಲ ಸಲ ಮಾತಾಡಿದರು. ಗ್ಯಾಸ್ ಅಂದುಕೊಂಡಿದ್ದು ಯಾರ ತಪ್ಪು ಎಂದು ತಾಯಿಯೂ ಇಷ್ಟು ವರ್ಷ ಒಳಗೇ ಲೆಕ್ಕ ಹಾಕುತ್ತಿದ್ದರಂತೆ. ಆ ಮಾತುಕತೆ ವರ್ತನಾ ಚಿಕಿತ್ಸೆಯ ಯಾವ ಪುಸ್ತಕದಲ್ಲೂ ಒಂದು ಹಂತವಾಗಿ ಬರೆದಿರುವುದಿಲ್ಲ. ಆದರೆ ಆ ಕೋಣೆಗೆ ಹೋಗಿರದಿದ್ದರೆ ನಡೆಯುತ್ತಿರಲಿಲ್ಲ.

ಈಗ

ರಘು ಈಗ ಮೆಟ್ರೋದಲ್ಲೇ ಆಫೀಸಿಗೆ ಹೋಗುತ್ತಾರೆ. ಮನೋವೈದ್ಯರು ತಾವು ಶುರು ಮಾಡಿದ್ದ ಮಾತ್ರೆಯನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿದ್ದಾರೆ. ರಿಟರ್ನ್ಸ್ ಸೀಸನ್‌ನಲ್ಲಿ ನಿದ್ದೆ ಕೆಟ್ಟಾಗ ಒಂದೆರಡು ಸಲ ಎದೆ ಢವಢವ ಎಂದಿದೆ. ಕೈ ನಾಡಿಯ ಕಡೆ ಹೋಗುತ್ತದೆ, ಕೆಲವೊಮ್ಮೆ ಹಿಡಿದೂ ಬಿಡುತ್ತಾರೆ. ಜಿಮ್‌ಗೆ ಇನ್ನೂ ಹೋಗಿಲ್ಲ, ಹೋಗುವ ಮನಸ್ಸೂ ಇಲ್ಲ ಅನ್ನುತ್ತಾರೆ. ಅದು ಭಯವೋ ಸೋಮಾರಿತನವೋ ಎಂದು ನಾನು ಬಲವಂತವಾಗಿ ಕೆದಕಲಿಲ್ಲ.

ಇತ್ತೀಚೆಗೆ ಅವರ ಚಿಕ್ಕಪ್ಪನಿಗೆ ಆಂಜಿಯೋಪ್ಲಾಸ್ಟಿ ಆಯಿತು. ರಘು ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದರು. ಅವರ ವರ್ಷದ ತಪಾಸಣೆಗೆ ಇನ್ನೂ ಕೆಲವು ತಿಂಗಳಿತ್ತು. ಹೃದ್ರೋಗ ತಜ್ಞರಿಗೆ ಫೋನ್ ಮಾಡಿ ಚಿಕ್ಕಪ್ಪನ ವಿಷಯ ಹೇಳಿದರು. ಹಾಗಾದರೆ ಈಗಲೇ ಬನ್ನಿ, ಕುಟುಂಬದಲ್ಲಿ ಇಬ್ಬರಿಗಾಯಿತಲ್ಲ ಎಂದರು ಅವರು. ‘ಇದು ಭಯದಿಂದ ಮಾಡಿಸಿದ್ದಾ, ಬೇಕಾಗಿತ್ತು ಅಂತ ಮಾಡಿಸಿದ್ದಾ ಮೇಡಂ?’ ಎಂದು ಆಮೇಲೆ ನನ್ನನ್ನು ಕೇಳಿದರು. ಡಾಕ್ಟರು ಹೇಳಿದ ದಿನ ಹೋಗಿದ್ದರು. ಒಂದೇ ಕಡೆ, ಒಂದೇ ಸಲ. ವರದಿ ಫೈಲಿಗೆ ಹಾಕಿ ಆಫೀಸಿಗೆ ಹೋಗಿದ್ದರು. ಭಯ ಇದ್ದಿರಬಹುದು, ತೀರ್ಮಾನ ಅದರ ಕೈಯಲ್ಲಿರಲಿಲ್ಲ ಎಂದೆ. ಹೃದಯ ಸರಿಯಾಗಿದೆ. ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ ಬಂದಿದೆ, ಅದಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದಾರೆ.